ಹಿಡಿಯ ಬಲ

ಕನ್ನಡದಲ್ಲಿ ‘ಹಿಡಿ’ ಎಂಬುದು ಪುಟ್ಟ ಪದ. ಆದರೆ ಅದು ಹೊತ್ತಿರುವ ಹೊರೆ ದೊಡ್ಡದು. ಅದು ಕ್ರಿಯೆಯೂ ಹೌದು, ಅಳತೆಯೂ ಹೌದು, ವಸ್ತುವೂ ಹೌದು. ಕುಡುಗೋಲಿಗೆ ಹಿಡಿ ಉಂಟು; ಭಿಕ್ಷೆಯ ಅಕ್ಕಿಯನ್ನು ಹಿಡಿಯಲ್ಲಿ ಅಳೆಯುತ್ತೇವೆ; ಮದುವೆಯಾದವನು ಕೈ ಹಿಡಿದವನು; ನಾಲಗೆಯ ಮೇಲೆ ಹಿಡಿತವಿಲ್ಲದವನನ್ನು ಯಾರೂ ಮೆಚ್ಚುವುದಿಲ್ಲ. ಶಕ್ತಿ ಸಾಲದವನನ್ನು ಕೈಲಾಗದವನು ಎನ್ನುತ್ತೇವೆಯೇ ಹೊರತು ಕಾಲಾಗದವನು ಎನ್ನುವುದಿಲ್ಲ. ಮನುಷ್ಯನ ಸಾಮರ್ಥ್ಯವೆಲ್ಲ ಅವನ ಕೈಯಲ್ಲಿದೆಯೆಂದು ನಮ್ಮ ಭಾಷೆ ಎಂದೋ ತೀರ್ಮಾನಿಸಿಬಿಟ್ಟಿದೆ.

ಭಾಷೆಯ ಈ ತೀರ್ಪನ್ನು ವೈದ್ಯಶಾಸ್ತ್ರ ಈಗ ಬಹುಮಟ್ಟಿಗೆ ಒಪ್ಪಿಕೊಂಡಿದೆ. ಒಂದು ಸಣ್ಣ ಉಪಕರಣವನ್ನು ಕೈಗೆ ಕೊಟ್ಟು, ‘ಬಲವಾಗಿ ಹಿಸುಕಿ’ ಎಂದು ಹೇಳಿ, ಮುಳ್ಳು ತೋರಿಸುವ ಕಿಲೋಗ್ರಾಂ ಲೆಕ್ಕವನ್ನು ಬರೆದುಕೊಂಡರೆ ಆ ವ್ಯಕ್ತಿಯ ಇಡೀ ದೇಹದ ಸ್ಥಿತಿಯ ಬಗ್ಗೆ ಎಷ್ಟೋ ವಿಷಯ ತಿಳಿಯುತ್ತದೆ. ಆದರೆ ಈ ಬಲ ಬರುವುದು ಎಲ್ಲಿಂದ? ದುಡಿದಷ್ಟೂ ಕೈ ಗಟ್ಟಿಯಾಗುತ್ತದೆಯೋ, ಸವೆಯುತ್ತದೆಯೋ? ತಲೆಯ ದುಡಿಮೆ ಕೈಯನ್ನು ಮುಟ್ಟುತ್ತದೆಯೋ ಇಲ್ಲವೋ? ಈ ಪ್ರಶ್ನೆಗಳನ್ನು ಪ್ರಯೋಗಶಾಲೆಯಲ್ಲಿ ಕೇಳುವಂತೆ ಚರಿತ್ರೆಯಲ್ಲಿಯೂ ಕೇಳಬಹುದು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಒಂದರ ಪಕ್ಕಕ್ಕೊಂದು ಇರುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತಿ ಬಂದರೆ ಸಾಕು. ಮಲ್ಲನ ಕೈ, ಶಿಲ್ಪಿಯ ಕೈ, ಲೆಕ್ಕಿಗನ ಕೈ, ಎರಕದವನ ಕೈ, ಕಬ್ಬು ಕಡಿಯುವವನ ಕೈ ಎಲ್ಲವೂ ಇಲ್ಲಿ ಒಂದೇ ಬಯಲಿನಲ್ಲಿ ದುಡಿದಿವೆ.

ಮೊದಲು ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರು ಈ ದ್ವೀಪದ ಕೋಟೆಯನ್ನು ವಶಪಡಿಸಿಕೊಂಡು ವಿಜಯನಗರದ ಮಹಾನವಮಿಯನ್ನು ಇಲ್ಲಿ ಮುಂದುವರಿಸಿದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸಿಂಹಾಸನದೊಡನೆ ಗರಡಿಯೂ ಆ ಉತ್ಸವದ ಅಂಗವಾಗಿತ್ತು. ವಿಜಯನಗರವನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಮಹಾನವಮಿಯ ದಿನಗಳಲ್ಲಿ ಅರಸನೆದುರು ನಡೆಯುತ್ತಿದ್ದ ಮಲ್ಲರ ಕಾಳಗವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಮೈಸೂರಿನ ಅರಸರ ಆಶ್ರಯದಲ್ಲಿ ಈ ಪರಂಪರೆಯನ್ನು ಉಳಿಸಿಕೊಂಡವರು ಜೆಟ್ಟಿಗಳು. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಗ್ರಂಥದಲ್ಲಿ ಜೆಟ್ಟಿಗಳ ಕಾಳಗಕ್ಕೆ ಒಂದು ದೀರ್ಘವಾದ ಟಿಪ್ಪಣಿಯನ್ನೇ ಮೀಸಲಿಟ್ಟಿದ್ದಾನೆ. ಬಲಗೈಯ ಬೆರಳುಗಳ ಗೆಣ್ಣಿನ ಮೇಲೆ ಎಮ್ಮೆಯ ಕೊಂಬಿನಿಂದ ಮಾಡಿದ ಮೊನೆಯುಳ್ಳ ಆಯುಧವನ್ನು ಧರಿಸಿ ಅವರು ಹೋರಾಡುತ್ತಿದ್ದರು. ಅದೇ ವಜ್ರಮುಷ್ಟಿ. ಇಂದಿಗೂ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಿಜಯದಶಮಿಯ ದಿನ ತಲೆ ಬೋಳಿಸಿದ ಜೆಟ್ಟಿಗಳು ಎದುರುಬದುರಾಗುತ್ತಾರೆ. ನೆತ್ತರು ಕಂಡೊಡನೆ ಕಾಳಗ ನಿಲ್ಲುತ್ತದೆ.

ಜೆಟ್ಟಿಯ ಕೈ ಅರಸರಿಗೆ ಅಲಂಕಾರ ಮಾತ್ರವಾಗಿರಲಿಲ್ಲ. ಟಿಪ್ಪುವಿನ ಕಾಲದಲ್ಲಿ ಮರಣದಂಡನೆಯಂಥ ಕ್ರೂರ ಕೆಲಸಕ್ಕೂ ಅವರನ್ನು ಬಳಸಿದರೆಂದು ಆಗಿನ ಆಂಗ್ಲ ಸೆರೆಯಾಳುಗಳ ಬರಹಗಳು ಹೇಳುತ್ತವೆ. ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಬೇರೊಂದು ಮಾತು. ಗರಡಿಯ ಸಾಮು ದುಡಿಮೆಯೇ ಸರಿ. ಬೆವರು ಹರಿಯುವ ದುಡಿಮೆ. ಗದೆ ತಿರುಗಿಸುವುದು, ಗುಂಡು ಎತ್ತುವುದು, ಮಟ್ಟಿ ಅಗೆಯುವುದು, ಇವೆಲ್ಲವೂ ಹಿಡಿಯನ್ನು ಬೆಳೆಸುವ ಅಭ್ಯಾಸಗಳು. ಆದರೆ ಈ ದುಡಿಮೆಗೆ ಹೊತ್ತುಗೊತ್ತು ಇತ್ತು. ಸಾಮಿನ ಬಳಿಕ ಎಣ್ಣೆ ತಿಕ್ಕುವವರಿದ್ದರು, ಹಾಲು ತುಪ್ಪಗಳಿದ್ದವು, ನಿದ್ರೆಗೆ ಬಿಡುವಿತ್ತು. ಅರಮನೆಯ ಉಂಬಳಿ ಮಲ್ಲನ ಮುಷ್ಟಿಗೆ ಮಾತ್ರವಲ್ಲದೆ ಅವನ ಬಿಡುವಿಗೂ ಸಲ್ಲುತ್ತಿತ್ತೆಂದು ಹೇಳಬೇಕು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಸ್ವಲ್ಪವೇ ದೂರದಲ್ಲಿ ಪಾಂಡವಪುರ. ಹಿಂದೆ ಅದು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಆಂಗ್ಲರ ಬಾಯಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಯಿತು. ಬಹುಕಾಲ ಆ ಹೆಸರೇ ನಿಂತಿತು. ಇಲ್ಲೊಂದು ಸ್ವಾರಸ್ಯವಿದೆ. 1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಸ್ವಾತಂತ್ರ್ಯದ ಮರ ನೆಟ್ಟು ಕ್ರಾಂತಿಯ ಘೋಷಣೆ ಕೂಗುತ್ತಿದ್ದರು. ಅದರ ಮರುವರ್ಷ, 1798ರಲ್ಲಿ, ಪ್ಯಾರಿಸಿನಲ್ಲಿ ಎಡ್ಮೆ ರೇನ್ಯೆ ಎಂಬ ಕುಶಲಿ ಒಂದು ಹೊಸ ಯಂತ್ರದ ವಿವರಣೆಯನ್ನು ಪ್ರಕಟಿಸಿದ. ಅಂಡಾಕಾರದ ಉಕ್ಕಿನ ಸುರುಳಿ. ಅದನ್ನು ಎರಡು ಕೈಗಳಿಂದ ಹಿಸುಕಿದರೆ ಒಳಗಿನ ಮುಳ್ಳು ಅಂಕಿಯ ಮೇಲೆ ಸರಿಯುತ್ತದೆ. ಅದೇ ಡೈನಮೋಮೀಟರ್, ಬಲಮಾಪಕ. ಮನುಷ್ಯರ ಬಲವನ್ನು ಅಳೆದು ಹೋಲಿಸಲು ಏನಾದರೂ ಸಾಧನ ಬೇಕೆಂದು ಪ್ರಕೃತಿ ಶಾಸ್ತ್ರಜ್ಞ ಬ್ಯುಫಾನ್ ಮುಂತಾದವರು ಅಪೇಕ್ಷೆಪಟ್ಟದ್ದರ ಫಲ ಅದು.

ಯಂತ್ರ ಸಿಕ್ಕೊಡನೆ ಅದರಿಂದ ತೀರ್ಪು ಕೊಡುವ ಆತುರವೂ ಹುಟ್ಟಿತು. 1800ರಲ್ಲಿ ಹೊರಟ ಬೋದಾಂ ನೌಕಾಯಾತ್ರೆಯಲ್ಲಿದ್ದ ಫ್ರಾನ್ಸ್ವಾ ಪೆರೋಂ ಎಂಬ ತರುಣ ವಿಜ್ಞಾನಿ ರೇನ್ಯೆಯ ಯಂತ್ರವನ್ನು ಆಸ್ಟ್ರೇಲಿಯಾ, ಟಾಸ್ಮೇನಿಯಾ, ಟೈಮೋರ್‌ಗಳಿಗೆ ಒಯ್ದ. ನಾಗರಿಕತೆ ಮನುಷ್ಯನನ್ನು ದುರ್ಬಲಗೊಳಿಸುತ್ತದೆ, ಕಾಡಿನ ಮನುಷ್ಯನೇ ಬಲಶಾಲಿ ಎಂಬ ರೂಸೋವಿನ ಪಂಥದವರ ಮಾತನ್ನು ಪರೀಕ್ಷಿಸುವುದು ಅವನ ಉದ್ದೇಶ. ಅಲ್ಲಿನ ಮೂಲನಿವಾಸಿಗಳ ಕೈಗೆ ಯಂತ್ರ ಕೊಟ್ಟ. ತನ್ನ ನಾವಿಕರ ಕೈಗೂ ಕೊಟ್ಟ. ನಾವಿಕರ ಅಂಕಿ ಹೆಚ್ಚು ಬಂತು. ನಾಗರಿಕನೇ ಬಲಶಾಲಿ ಎಂದು ಬರೆದುಬಿಟ್ಟ. ಹಗ್ಗ ಎಳೆಯುವುದನ್ನೇ ಜೀವನವಾಗಿಸಿಕೊಂಡ ನಾವಿಕನನ್ನೂ, ಆ ಉಕ್ಕಿನ ಉಂಗುರವನ್ನು ಹುಟ್ಟಾ ಕಂಡಿರದ ಬೇಟೆಗಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯೇ ಎಂದು ಅವನು ಕೇಳಿಕೊಳ್ಳಲಿಲ್ಲ. ಅಂದು ಆ ಬೇಟೆಗಾರ ಏನು ಉಂಡಿದ್ದ, ಎಷ್ಟು ನಡೆದು ಬಂದಿದ್ದ ಎಂದೂ ಕೇಳಲಿಲ್ಲ. 1884ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ 9337 ಜನರ ಎತ್ತರ, ತೂಕ, ದೃಷ್ಟಿಗಳ ಜೊತೆಗೆ ಹಿಡಿಯ ಬಲವನ್ನೂ ಅಳೆದ. ಬಲವನ್ನು ರಕ್ತದ ಗುಣವೆಂದು, ಜಾತಿಯ ಗುಣವೆಂದು ತಿಳಿಯುವ ಚಾಳಿ ಆ ಶತಮಾನದ ಉದ್ದಕ್ಕೂ ಇತ್ತು. ನಮ್ಮಲ್ಲಿಯೂ ಅದು ಇಲ್ಲದಿರಲಿಲ್ಲ. ‘ಅವರ ಕೈ ದುಡಿಯಲೆಂದೇ ಹುಟ್ಟಿದ್ದು’ ಎಂಬ ಮಾತಿಗೆ ಯಂತ್ರದ ಸಾಕ್ಷಿಯೂ ಬೇಕಾಗಿರಲಿಲ್ಲ.

ಕೃಷ್ಣರಾಜಪೇಟೆಗೆ ಹೋದರೆ ಕೈಯ ಇನ್ನೊಂದು ಮುಖ ಕಾಣುತ್ತದೆ. ಹಿಂದೆ ಅತ್ತಿಗುಪ್ಪೆ ಎನಿಸಿದ್ದ ಈ ತಾಲ್ಲೂಕು ಹೊಯ್ಸಳ ಶಿಲ್ಪದ ಭಂಡಾರ. ಕಿಕ್ಕೇರಿಯ ಬ್ರಹ್ಮೇಶ್ವರ 1171ರದು. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ 13ನೆಯ ಶತಮಾನದವು. ಗೋವಿಂದನಹಳ್ಳಿಯಲ್ಲಿ ರೂವಾರಿ ಮಲ್ಲಿತಮ್ಮನ ಕೈಚಳಕ ಇಂದಿಗೂ ನಿಂತಿದೆ. ದ್ವಾರಪಾಲಕನ ಕೊರಳಹಾರದ ಮಣಿಗಳನ್ನು ನೋಡಿದವರಿಗೆ, ಇದನ್ನು ಕೆತ್ತಿದವನ ಕೈ ಮಲ್ಲನ ಕೈಯಲ್ಲವೆಂದು ಒಡನೆ ತಿಳಿಯುತ್ತದೆ.

ಕೈಗೆ ಎರಡು ಬಗೆಯ ಹಿಡಿತಗಳಿವೆಯೆಂದು 1956ರಲ್ಲಿ ಜಾನ್ ನೇಪಿಯರ್ ಎಂಬ ಆಂಗ್ಲ ವೈದ್ಯ ವಿಂಗಡಿಸಿ ತೋರಿಸಿದ. ಒಂದು ಬಲದ ಹಿಡಿತ: ಅಂಗೈಗೆ ಒತ್ತಿ ನಾಲ್ಕು ಬೆರಳನ್ನೂ ಸುತ್ತುವುದು, ಕೊಡಲಿಯನ್ನು ಹಿಡಿದಂತೆ. ಇನ್ನೊಂದು ಸೂಕ್ಷ್ಮದ ಹಿಡಿತ: ಹೆಬ್ಬೆರಳು ಮತ್ತು ಬೆರಳ ತುದಿಗಳ ನಡುವೆ ಹಿಡಿಯುವುದು, ಲೇಖನಿಯನ್ನು ಹಿಡಿದಂತೆ. ಮೊದಲನೆಯದಕ್ಕೆ ಬೇಕಾದ ದೊಡ್ಡ ಸ್ನಾಯುಗಳು ಕೈಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ನರಗಳಂತೆ ತೋರುವ ಗಟ್ಟಿ ಹುರಿಗಳು ಮಣಿಕಟ್ಟನ್ನು ಹಾದು ಬಂದು ಬೆರಳುಗಳನ್ನು ಎಳೆಯುತ್ತವೆ. ತೊಗಲುಬೊಂಬೆಯಾಟದಲ್ಲಿ ಕಡ್ಡಿ ಆಡಿಸುವವನು ಪರದೆಯ ಹಿಂದೆ ಇರುವಂತೆ. ಶಿಲ್ಪಿಯ ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ: ಎರಡು ಹಿಡಿತಗಳೂ ಏಕಕಾಲಕ್ಕೆ ನಡೆಯಬೇಕು. ಹೊಯ್ಸಳರು ಇದಕ್ಕೆ ಕಲ್ಲನ್ನೂ ಅರಿತು ಆರಿಸಿದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲು ಅದು. ಕಣಶಿಲೆಯ ಮೇಲೆ ಮುಷ್ಟಿ ಸೋಲುವಷ್ಟು ಹೊತ್ತಿನಲ್ಲಿ ಬಳಪದ ಕಲ್ಲಿನ ಮೇಲೆ ಒಂದು ಬಳ್ಳಿಯೇ ಅರಳುತ್ತದೆ. ಕೈಯ ದಣಿವನ್ನು ಕಡಿಮೆ ಮಾಡಿದ್ದರಿಂದ ಕಣ್ಣಿಗೂ ಮನಸ್ಸಿಗೂ ಕೆಲಸ ಮಾಡಲು ಅವಕಾಶವಾಯಿತು. ಹೊಯ್ಸಳ ಶಿಲ್ಪದ ನವುರಿನ ಗುಟ್ಟು ಕೊಂಚಮಟ್ಟಿಗಾದರೂ ಇಲ್ಲಿದೆ.

ಇದೇ ಬಳಪದ ಕಲ್ಲಿನ ಚೂರು ಹಳ್ಳಿಯ ಇನ್ನೊಬ್ಬನ ಕೈಯಲ್ಲಿಯೂ ಇತ್ತು. ಅವನು ಶಾನುಭೋಗ. ಬಟ್ಟೆಗೆ ಇದ್ದಲು ಮತ್ತು ಅಂಟಿನ ಲೇಪ ಬಳಿದು, ಮಡಿಕೆ ಮಡಿಕೆಯಾಗಿ ಮಾಡಿದ ಕಡತದ ಮೇಲೆ ಅವನು ಬಳಪದಿಂದ ಬರೆಯುತ್ತಿದ್ದ. ವಿಲ್ಕ್ಸ್ ಈ ಕಡತಗಳನ್ನೂ ಕಂಡು ವಿವರಿಸಿದ್ದಾನೆ. ಊರಿನ ಹೊಲಗಳೆಷ್ಟು, ಕಂದಾಯವೆಷ್ಟು, ಬಾಕಿ ಯಾರದು, ಕೆರೆಯ ನೀರಿನ ಪಾಳಿ ಯಾರದು ಎಂಬುದೆಲ್ಲ ಅವನ ತಲೆಯಲ್ಲಿಯೂ ಕಡತದಲ್ಲಿಯೂ ಇರಬೇಕು. ಜಮಾಬಂದಿಯ ಕಾಲ ಬಂತೆಂದರೆ ಊಟ ನಿದ್ರೆಗಳಿಗೆ ಪುರುಸೊತ್ತಿಲ್ಲ. ಶಿಲ್ಪಿಯ ಕಲ್ಲು ಕೈಯನ್ನು ದಣಿಸಿತು. ಅದೇ ಕಲ್ಲಿನ ತುಂಡು ಶಾನುಭೋಗನ ತಲೆಯನ್ನು ದಣಿಸಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಆ ಹುದ್ದೆ ಹೋಯಿತು. ಲೆಕ್ಕ ಬರೆಯುವವನ ದಣಿವು ಹೋಗಲಿಲ್ಲ, ಅದು ಕಚೇರಿಗೆ ವರ್ಗವಾಯಿತು ಅಷ್ಟೆ. ನಗರದಲ್ಲಿ ಕುಳಿತು ಈ ಪುಟ ಓದುವವರಲ್ಲಿ ಬಹುಮಂದಿ ಅದೇ ದಣಿವಿನ ವಾರಸುದಾರರು.

ತಲೆಯ ಈ ದಣಿವು ಕೈಗೆ ಇಳಿಯುತ್ತದೆಯೇ? ಈ ಪ್ರಶ್ನೆಯನ್ನು ಅಂಕಿಯಲ್ಲಿ ಉತ್ತರಿಸಲು ಯತ್ನಿಸಿದವನು ಇಟಲಿಯ ಟೂರಿನ್ ನಗರದ ಆಂಜೆಲೋ ಮೊಸ್ಸೋ. ಕೈಯನ್ನು ಮೇಜಿಗೆ ಬಿಗಿದು, ನಡುಬೆರಳಿಗೆ ತೂಕ ಕಟ್ಟಿ, ನಿಯತವಾದ ತಾಳಕ್ಕೆ ಸರಿಯಾಗಿ ಅದನ್ನು ಎತ್ತುತ್ತಿರುವಂತೆ ಮಾಡಿ, ಪ್ರತಿ ಎತ್ತುವಿಕೆಯ ಎತ್ತರವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಎರ್ಗೋಗ್ರಾಫ್ ಎಂಬ ಯಂತ್ರವನ್ನು ಅವನು ರೂಪಿಸಿದ. 1891ರಲ್ಲಿ ದಣಿವನ್ನೇ ಹೆಸರಾಗಿಟ್ಟುಕೊಂಡ ಅವನ ಗ್ರಂಥ ಹೊರಬಂತು. ಅದರಲ್ಲಿ ಪ್ರಸಿದ್ಧವಾದ ಪ್ರಸಂಗ ಅವನ ಸಹೋದ್ಯೋಗಿ ಮಜೋರಾನದು. ವಿದ್ಯಾರ್ಥಿಗಳಿಗೆ ಗಂಟೆಗಟ್ಟಲೆ ಮೌಖಿಕ ಪರೀಕ್ಷೆ ನಡೆಸುವ ಮೊದಲು ಅವನ ಬೆರಳು ತೂಕವನ್ನು ಬಹುಹೊತ್ತು ಎತ್ತಿತು. ಪರೀಕ್ಷೆ ಮುಗಿದ ಮೇಲೆ ಕೆಲವೇ ಬಾರಿ ಎತ್ತಿ ಸೋತಿತು. ಅವನು ಇಡೀ ದಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಭಾರ ಹೊತ್ತಿರಲಿಲ್ಲ. ಪರೀಕ್ಷೆ ವಿದ್ಯಾರ್ಥಿಗಳಿಗೆ, ದಣಿದದ್ದು ಮೇಷ್ಟರ ಬೆರಳು! ನಮ್ಮ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಶರೀರಶಾಸ್ತ್ರದ ಪಾಠವಾಗಿ ಈಗಲೂ ಮೊಸ್ಸೋವಿನ ಯಂತ್ರಕ್ಕೆ ಬೆರಳು ಕೊಡುತ್ತಾರೆ.

ಒಂದು ಶತಮಾನಕ್ಕೂ ಮೀರಿದ ಪ್ರಯೋಗಗಳ ಬಳಿಕ ಈಗ ತಿಳಿದಿರುವುದಿಷ್ಟು. ಕೈಯನ್ನೇ ದುಡಿಸಿದರೆ ಹಿಡಿಯ ಬಲ ಕೂಡಲೇ ಇಳಿಯುತ್ತದೆ. ಸ್ನಾಯು ತನ್ನ ಇಂಧನವನ್ನು ಕಳೆದುಕೊಳ್ಳುತ್ತದೆ, ಬಿಗಿದ ಮುಷ್ಟಿಯಲ್ಲಿ ರಕ್ತದ ಓಡಾಟವೂ ತಗ್ಗುತ್ತದೆ. ಇದು ವಿಶ್ರಾಂತಿಯಿಂದ ಮರಳಿ ಬರುವ ಬಲ. ತಲೆಯ ದುಡಿಮೆಯ ದಾರಿ ಬೇರೆ. ದಣಿದ ತಲೆಯವನೂ ಒಮ್ಮೆ ಹಿಸುಕೆಂದರೆ ಸಾಮಾನ್ಯವಾಗಿ ಮೊದಲಿನಷ್ಟೇ ಹಿಸುಕಬಲ್ಲ. ಆದರೆ ಹಿಡಿದುಕೊಂಡೇ ಇರು ಎಂದರೆ ಬೇಗ ಬಿಟ್ಟುಬಿಡುತ್ತಾನೆ. ಸ್ನಾಯುವಿನ ಶಕ್ತಿ ತೀರಿರುವುದಿಲ್ಲ. ಅದಕ್ಕೆ ಆಜ್ಞೆ ಕೊಡುವ ಮಿದುಳಿಗೆ ಅದೇ ಕೆಲಸ ಹೆಚ್ಚು ಭಾರವಾಗಿ ತೋರುತ್ತದೆ. ಎರಡು ಹೊರೆಗಳೂ ಒಟ್ಟಿಗೆ ಬಿದ್ದಾಗ ಸೋಲು ಇನ್ನೂ ಬೇಗ. ಮುಷ್ಟಿ ಬಿಗಿದಿರುವಾಗಲೇ ಮನಸ್ಸಿನಲ್ಲಿ ಲೆಕ್ಕ ಮಾಡಿಸಿದರೆ ಕೈ ಸೋಲುವ ಕಾಲ ಮುಂದಾಗುತ್ತದೆಂದು ಪ್ರಯೋಗಗಳು ತೋರಿಸಿವೆ.

ನಾಗಮಂಗಲದ ಎರಕದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೌಮ್ಯಕೇಶವನ ಈ ಊರು ಲೋಹದ ವಿಗ್ರಹಗಳಿಗೆ ಹೆಸರಾದದ್ದು. ಮೇಣದಲ್ಲಿ ಮೂರ್ತಿಯನ್ನು ತಿದ್ದುವಾಗ ಬೆರಳ ತುದಿಯ ಕೆಲಸ. ಅದಕ್ಕೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ, ಮೇಣ ಕರಗಿ ಹೋದ ಪೊಳ್ಳಿಗೆ ಕರಗಿದ ಲೋಹವನ್ನು ಹುಯ್ಯುವಾಗ ಇಕ್ಕುಳದ ಮೇಲೆ ಮುಷ್ಟಿಯ ಕೆಲಸ. ಮೂಸೆಯ ಭಾರ ಒಂದು ಕಡೆ, ಬೆಂಕಿಯ ಝಳ ಒಂದು ಕಡೆ, ಲೋಹದ ಬಣ್ಣ ನೋಡಿ ಹದ ತಿಳಿಯುವ ಚಿಂತೆ ಇನ್ನೊಂದು ಕಡೆ. ಧಾರೆ ನಡುವೆ ನಿಂತರೆ ತಿಂಗಳ ಶ್ರಮ ಮಣ್ಣುಪಾಲು. ಕೈ ನಡುಗಬಾರದು, ತಲೆಯೂ ಅಲುಗಬಾರದು. ದೇಹದ ಹೊರೆ, ಮನಸ್ಸಿನ ಹೊರೆ ಎಂದು ಪುಸ್ತಕದಲ್ಲಿ ನಾವು ಬೇರೆ ಬೇರೆ ಅಧ್ಯಾಯ ಮಾಡುತ್ತೇವೆ. ಕುಲುಮೆಯ ಮುಂದೆ ಅವು ಒಂದೇ ಹೊರೆ. ‘ದೈಹಿಕ ದುಡಿಮೆ’ ಎಂದು ನಾವು ಹಗುರವಾಗಿ ಕರೆಯುವ ಎಷ್ಟೋ ಕಸುಬುಗಳಲ್ಲಿ ತಲೆಯೂ ಕೈಯಷ್ಟೇ ಬೆವರುತ್ತದೆ.

ಇನ್ನು ಉಳಿದದ್ದು ದೊಡ್ಡ ಪ್ರಶ್ನೆ: ಜೀವಮಾನವಿಡೀ ದುಡಿದ ಕೈ ಗಟ್ಟಿಯಾಗಿ ಉಳಿಯುತ್ತದೆಯೇ? 1911ರಲ್ಲಿ ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಸಿಮೆಂಟಿಲ್ಲದೆ, ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿಗಾರೆಯಿಂದ ಎದ್ದ ಆ ಕಟ್ಟೆಯ ಒಂದೊಂದು ಕಲ್ಲೂ ಯಾರದೋ ಹಿಡಿಯನ್ನು ದಾಟಿ ಹೋಗಿದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಪಾಂಡವಪುರದಲ್ಲಿಯೂ ಸಹಕಾರಿ ಕಾರ್ಖಾನೆ ಬಂತು. ರಾಗಿಯ ಬಯಲು ಕಬ್ಬಿನ ಬಯಲಾಯಿತು. ಕಬ್ಬು ಕಡಿಯುವವನು ಬುಡಕ್ಕೆ ಬಾಗಿ ಮಚ್ಚು ಬೀಸಬೇಕು, ಗರಿ ಸವರಬೇಕು, ಹೊರೆ ಕಟ್ಟಬೇಕು, ಬಂಡಿಗೆ ಎತ್ತಬೇಕು. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ಪಾಕ ತಿರುವುತ್ತಲೇ ಇರಬೇಕು. ಮನೆಯೊಳಗಿನ ಹೆಂಗಸಿನ ಕೈಯ ಲೆಕ್ಕವನ್ನು ಯಾವ ಕಡತದಲ್ಲಿಯೂ ಬರೆದಿಲ್ಲ. ಹಿಟ್ಟಿನ ಗಿರಣಿ ಬರುವವರೆಗೆ ನಸುಕಿನಲ್ಲಿ ರಾಗಿ ಬೀಸಿದವಳು ಅವಳು. ಬಾವಿಯ ಹಗ್ಗ ಸೇದಿದವಳು, ಭತ್ತ ಕುಟ್ಟಿದವಳು, ಉರಿಯ ಮುಂದೆ ಕೂತು ಮುದ್ದೆ ತೊಳಸಿದವಳೂ ಅವಳೇ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನೆಂಬ ಗಾದೆ ಉಂಡವನನ್ನು ಹೊಗಳುತ್ತದೆ, ತೊಳಸಿದವಳನ್ನು ಮರೆಯುತ್ತದೆ.

ಇಷ್ಟು ದುಡಿದ ಕೈಗಳು ಲೋಕದಲ್ಲೆಲ್ಲ ಬಲವಾದ ಕೈಗಳಾಗಿರಬೇಕಲ್ಲವೆ? ಆಗಿಲ್ಲ. 2015ರಲ್ಲಿ ಪ್ರಕಟವಾದ, ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರ ಅಧ್ಯಯನದಲ್ಲಿ ಬಡ ದೇಶಗಳವರ ಹಿಡಿ ಶ್ರೀಮಂತ ದೇಶಗಳವರ ಹಿಡಿಗಿಂತ ದುರ್ಬಲವೆಂದು ಕಂಡುಬಂತು. ಹಿಡಿಯ ಬಲ 5 ಕಿಲೋಗ್ರಾಂ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇಕಡಾ 16ರಷ್ಟು ಹೆಚ್ಚುತ್ತಿತ್ತು. ಇಂಗ್ಲೆಂಡಿನ ಹಾರ್ಟ್‌ಫರ್ಡ್‌ಷೈರಿನಲ್ಲಿ ವಯಸ್ಸಾದ ಗಂಡಸರನ್ನು ಪರೀಕ್ಷಿಸಿದಾಗ ಜೀವನವಿಡೀ ಭಾರವಾದ ಕೆಲಸ ಮಾಡಿದವರ ಹಿಡಿ ಇತರರಿಗಿಂತ ಕೊಂಚ ಕಡಿಮೆಯೇ ಇತ್ತು. ಇದಕ್ಕೆ ಕಾರಣದ ಒಂದು ಎಳೆ ನಮ್ಮ ಮೈಸೂರಿನಲ್ಲಿಯೇ ಸಿಕ್ಕಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, 9ನೆಯ ವಯಸ್ಸಿನಲ್ಲಿ ಅವರ ಹಿಡಿಯನ್ನು ಅಳೆದರು. ಹುಟ್ಟುವಾಗ ತುಂಬಿಕೊಂಡು ಹುಟ್ಟಿದ ಕೂಸಿನ ಹಿಡಿ 9 ವರ್ಷಗಳ ಮೇಲೂ ಹೆಚ್ಚು ಬಲವಾಗಿತ್ತು. ಎಂದರೆ, ಹಿಡಿಯ ಬಲದ ಮೊದಲ ಕಂತು ತಾಯಿಯ ತಟ್ಟೆಯಲ್ಲಿ ಸಂದಾಯವಾಗುತ್ತದೆ. ಆ ಕಂತು ಬಾಕಿ ಉಳಿದವನು ಎಷ್ಟು ಮಚ್ಚು ಬೀಸಿದರೂ ಆ ಸಾಲ ಪೂರ್ತಿ ತೀರುವುದು ಕಷ್ಟ.

ಈಗ ಜೆಟ್ಟಿಯನ್ನೂ ಕಬ್ಬು ಕಡಿಯುವವನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಬಹುದು. ಇಬ್ಬರ ಕೈಯೂ ಭಾರವನ್ನೇ ಕಂಡದ್ದು. ಒಬ್ಬನಿಗೆ ದುಡಿಮೆಯ ಹಿಂದೆ ಊಟವಿತ್ತು, ಊಟದ ಹಿಂದೆ ನಿದ್ರೆಯಿತ್ತು; ದಣಿದ ಸ್ನಾಯು ಮರುದಿನ ಇನ್ನಷ್ಟು ಬೆಳೆದು ಎದ್ದಿತು. ಇನ್ನೊಬ್ಬನಿಗೆ ದುಡಿಮೆಯ ಹಿಂದೆ ಮತ್ತೆ ದುಡಿಮೆ; ಅದರ ಹಿಂದೆ ಸಾಲದ ಚಿಂತೆ, ಎಂದರೆ ತಲೆಯ ಮೇಲೆ ಶಾನುಭೋಗನ ಹೊರೆಯೂ ಸೇರಿತು. ಅವನ ಸ್ನಾಯುವಿಗೆ ಮರಳಿ ಕಟ್ಟಿಕೊಳ್ಳಲು ಹೊತ್ತೂ ಇಲ್ಲ, ಸಾಮಗ್ರಿಯೂ ಇಲ್ಲ. ವ್ಯಾಯಾಮಕ್ಕೂ ಸವೆತಕ್ಕೂ ಇರುವ ಅಂತರ ಇಷ್ಟೇ. ಪೆರೋಂ ತನ್ನ ಹಡಗಿನಲ್ಲಿ ಕಾಣದೆ ಹೋದದ್ದೂ ಇದನ್ನೇ: ಯಂತ್ರದ ಮುಳ್ಳು ಮನುಷ್ಯನ ಕುಲವನ್ನು ತೋರಿಸುವುದಿಲ್ಲ, ಅವನು ಪಟ್ಟ ಪಾಡನ್ನು ತೋರಿಸುತ್ತದೆ.

ಏಷ್ಯದ ವೈದ್ಯರ ತಂಡವೊಂದು 2019ರಲ್ಲಿ ಗಂಡಸರಿಗೆ 28 ಕಿಲೋಗ್ರಾಂ, ಹೆಂಗಸರಿಗೆ 18 ಕಿಲೋಗ್ರಾಂ ಎಂಬ ಗೆರೆ ಎಳೆದಿದೆ. ಅದರ ಕೆಳಗಿನ ಹಿಡಿಯನ್ನು ದುರ್ಬಲವೆಂದು ಎಣಿಸಬೇಕು. ಆಸ್ಪತ್ರೆಗೆ ಇಂಥ ಗೆರೆ ಬೇಕೇ ಬೇಕು. ಆದರೆ ಗೆರೆಯ ಕೆಳಗೆ ಬಿದ್ದ ಕೈಯನ್ನು ಕೈಲಾಗದ್ದೆಂದು ಕರೆಯುವ ಮೊದಲು ಅದು ಏನೇನನ್ನು ಎತ್ತಿ ಇಳಿಸಿದೆ, ಎಷ್ಟು ಹೊತ್ತು ಬಿಡುವು ಕಂಡಿದೆ, ಏನು ಉಂಡಿದೆ ಎಂದು ಕೇಳಬೇಕು. ಕೈ ಕೆಸರಾದರೆ ಬಾಯಿ ಮೊಸರೆಂದು ಹಿರಿಯರು ಹೇಳಿದ್ದು ದುಡಿಯುವವನಿಗೆ ಕೊಟ್ಟ ಭರವಸೆ. ಕೆಸರಿನ ಪಾಲು ಈ ನಾಲ್ಕು ತಾಲ್ಲೂಕುಗಳ ಕೈಗಳಿಂದ ಎಂದೋ ಸಂದಿದೆ. ಮೊಸರಿನ ಪಾಲು ಎಷ್ಟು ಸಂದಿದೆಯೆಂಬುದನ್ನು ಅವರ ಹಿಡಿಯ ಬಲವೇ ಹೇಳುತ್ತದೆ.